ಇಂಕಾ ಹಾದಿ: ಮಾಚು ಪಿಚುವಿಗೆ ನಡೆದು ಹೋಗುವವರು ತಿಳಿದಿರಬೇಕಾದದ್ದು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡೀಸ್ ಪರ್ವತಗಳ ನಡುವೆ 2,430 ಮೀಟರ್ ಎತ್ತರದ ಬೆಟ್ಟದ ಏಣಿನ ಮೇಲಿರುವ ಮಾಚು ಪಿಚು ಎಂಬ ಪ್ರಾಚೀನ ನೆಲೆಗೆ ಇಂದು ರೈಲು ಮತ್ತು ಬಸ್ಸು ಹಿಡಿದು ಒಂದೇ ದಿನದಲ್ಲಿ ಹೋಗಿಬರಬಹುದು. ಹೀಗಿದ್ದರೂ ಅಲ್ಲಿಗೆ ನಾಲ್ಕು ದಿನ ನಡೆದೇ ಹೋಗಬೇಕೆನ್ನುವವರ ಸಂಖ್ಯೆ ಕಡಿಮೆಯಾಗಿಲ್ಲ. ಸುಮಾರು 43 ಕಿಲೋಮೀಟರ್ ಉದ್ದದ ಈ ಕಾಲುದಾರಿ ಸ್ಮಾರಕವೊಂದನ್ನು ತಲುಪುವ ಸಾಧನವಷ್ಟೇ ಆಗಿರದೆ ಸ್ವತಃ ಇಂಕಾ ಜನರು ಕಟ್ಟಿದ ಸ್ಮಾರಕವಾಗಿದ್ದು, ಪರವಾನಗಿಯ ಕಟ್ಟುನಿಟ್ಟು, ನಡಿಗೆಯ ವೇಗ, ತಂಡದ ಗಾತ್ರ, ಯಾವ ದಿನ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದೆಲ್ಲವೂ ಈ ಒಂದು ಸಂಗತಿಯಿಂದಲೇ ನಿರ್ಧಾರವಾಗುತ್ತವೆ. ಮಾಚು ಪಿಚುವನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ ರೈಲೇ ಲೇಸು.

ಇಂಕಾ ಸಾಮ್ರಾಜ್ಯದ ರಸ್ತೆಜಾಲಕ್ಕೆ ಆಂಡೀಸ್ ಪ್ರದೇಶದ ಕೆಚುವಾ ಭಾಷೆಯಲ್ಲಿ ‘ಖಪಾಖ್ ನ್ಯಾನ್’ ಎಂಬ ಹೆಸರಿದೆ. ಇಂದಿನ ಕೊಲಂಬಿಯದಿಂದ ಚಿಲಿ, ಅರ್ಜೆಂಟೀನಗಳವರೆಗೆ ಆರು ದೇಶಗಳಲ್ಲಿ ಹರಡಿಕೊಂಡಿರುವ, 30,000 ಕಿಲೋಮೀಟರಿಗೂ ಮೀರಿದ ಈ ಜಾಲದ ಆಯ್ದ ಭಾಗಗಳನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಕಾ ಜನರಲ್ಲಿ ಗಾಲಿಯ ಬಂಡಿಯಾಗಲಿ, ಕುದುರೆಯಾಗಲಿ, ಕಬ್ಬಿಣದ ಉಪಕರಣವಾಗಲಿ ಇರಲಿಲ್ಲ; ಸರಕೆಲ್ಲ ಮನುಷ್ಯರ ಬೆನ್ನಿನ ಮೇಲೆ ಅಥವಾ ಲಾಮಾ ಎಂಬ, ಒಂಟೆಯ ಕುಲಕ್ಕೆ ಸೇರಿದ ಪ್ರಾಣಿಯ ಮೇಲೆ ಸಾಗುತ್ತಿತ್ತು. ಗಾಲಿಗೆ ಮೆಟ್ಟಿಲು ಅಡ್ಡಿಯಾದರೂ ಲಾಮಾಕ್ಕೆ ಅಡ್ಡಿಯಲ್ಲವಾದ್ದರಿಂದ ಇಂಕಾ ರಸ್ತೆಗಳು ಬೆಟ್ಟ ಎದುರಾದಲ್ಲಿ ಬಹುದೂರ ಬಳಸಿಕೊಂಡು ಹೋಗದೆ ಕಲ್ಲುಮೆಟ್ಟಿಲುಗಳಾಗಿ ಮೇಲೇರುತ್ತವೆ, ಹಾಗೆಯೇ ಇಳಿಯುತ್ತವೆ. ಇಂದಿನ ಚಾರಣಿಗರ ಮಂಡಿನೋವಿನ ಮೂಲ ಐದುನೂರು ವರ್ಷಗಳಷ್ಟು ಹಳೆಯ ಈ ನಿರ್ಧಾರದಲ್ಲಿದೆ. ದಾರಿಯುದ್ದಕ್ಕೂ ‘ಟಾಂಬೊ’ ಎಂಬ ತಂಗುದಾಣಗಳೂ ಉಗ್ರಾಣಗಳೂ ಇದ್ದವು. ‘ಚಾಸ್ಕಿ’ ಎಂಬ ಓಟಗಾರರು ಒಬ್ಬರಿಂದೊಬ್ಬರಿಗೆ ಸಂದೇಶವನ್ನು ದಾಟಿಸುತ್ತಿದ್ದರು; ಲಿಪಿಯಿಲ್ಲದ ಆ ರಾಜ್ಯದಲ್ಲಿ ಲೆಕ್ಕಪತ್ರಗಳು ‘ಕಿಪು’ ಎಂಬ, ಗಂಟು ಹಾಕಿದ ದಾರಗಳ ಗೊಂಚಲಿನಲ್ಲಿ ಸಂಚರಿಸುತ್ತಿದ್ದವು.

ಮಾಚು ಪಿಚು 15ನೆಯ ಶತಮಾನದ ನಡುವಿನಲ್ಲಿ, ಪಚಾಕುಟಿ ಎಂಬ ಅರಸನ ಕಾಲದಲ್ಲಿ ಅವನ ಖಾಸಗಿ ನೆಲೆಯಾಗಿ ರೂಪುಗೊಂಡಿತೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಅಲ್ಲಿನ ಅಸ್ಥಿಗಳ ಕಾಲವನ್ನು ರೇಡಿಯೊಕಾರ್ಬನ್ ವಿಧಾನದಿಂದ ಅಳೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಜನವಸತಿಯ ಆರಂಭವನ್ನು ಸುಮಾರು 1420ಕ್ಕೆ ಒಯ್ದಿದೆ. ಕನ್ನಡ ಓದುಗರು ಇದನ್ನು ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಳ್ವಿಕೆಯ ಆಸುಪಾಸಿನ ಕಾಲವೆಂದು ನೆನಪಿಟ್ಟುಕೊಳ್ಳಬಹುದು. ಒಂದರ ಅರಿವು ಇನ್ನೊಂದಕ್ಕಿಲ್ಲದ ಆ ಎರಡು ರಾಜ್ಯಗಳ ಕಲ್ಲುಕುಟಿಗರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸುವ ವಿದ್ಯೆಯಲ್ಲಿ ಸಮಾನವಾಗಿ ನುರಿತಿದ್ದರು. 1532ರಲ್ಲಿ ಸ್ಪೇನಿನ ಪಡೆಗಳು ಬಂದಮೇಲೆ ಇಂಕಾ ಆಡಳಿತ ಕುಸಿದು ಮಾಚು ಪಿಚು ತೆರವಾಯಿತಾದರೂ ಸುತ್ತಲಿನ ರೈತರಿಗೆ ಅದು ಎಂದೂ ಅಪರಿಚಿತವಾಗಿರಲಿಲ್ಲ. 1911ರಲ್ಲಿ ಅಮೆರಿಕದ ಹೈರಂ ಬಿಂಗಮ್ ಅಲ್ಲಿಗೆ ಹೋದಾಗ ಆ ಕಟ್ಟೆಗಳಲ್ಲಿ ಬೇಸಾಯ ಮಾಡುತ್ತಿದ್ದ ಕುಟುಂಬಗಳು ಅಲ್ಲೇ ಇದ್ದವೆಂಬುದನ್ನು ನೆನೆದರೆ ‘ಬಿಂಗಮ್ ಕಂಡುಹಿಡಿದ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಹಾದಿಯ ಭಾಗಗಳನ್ನು ಆತ 1915ರಲ್ಲಿ ಗುರುತಿಸಿದ. 1940–41ರಲ್ಲಿ ಪಾಲ್ ಫೆಯೊಸ್ ನೇತೃತ್ವದ ತಂಡ ದಾರಿಬದಿಯ ನೆಲೆಗಳನ್ನು ಕಾಡು ಕಡಿದು ಬಯಲಿಗೆ ತಂದಿತು.

ಪರವಾನಗಿ ಮತ್ತು ಕಾಲ

ಕಲ್ಲುಹಾಸು ಸವೆಯುತ್ತಿರುವುದನ್ನು ಮನಗಂಡ ಪೆರು ಸರ್ಕಾರ ಈ ಹಾದಿಗೆ ದಿನಕ್ಕೆ 500 ಜನರನ್ನು ಮಾತ್ರ ಬಿಡುತ್ತದೆ. ಈ ಸಂಖ್ಯೆಯಲ್ಲಿ ಮಾರ್ಗದರ್ಶಿಗಳು, ಅಡುಗೆಯವರು, ಹೊರೆ ಹೊರುವ ಪೋರ್ಟರ್‌ಗಳು ಎಲ್ಲರೂ ಸೇರಿರುವುದರಿಂದ ಚಾರಣಿಗರ ಪಾಲಿಗೆ ಉಳಿಯುವುದು ಸುಮಾರು 200 ಸ್ಥಾನ. ಒಬ್ಬಂಟಿಯಾಗಿ ಅಥವಾ ತಾವೇ ಡೇರೆ ಹೊತ್ತು ಹೋಗಲು ಅವಕಾಶವಿಲ್ಲ. ಸರ್ಕಾರದ ಅನುಮತಿ ಪಡೆದ ಸಂಸ್ಥೆಯೊಂದರ ಮೂಲಕ, ಮಾರ್ಗದರ್ಶಿಯೊಂದಿಗೆ ಮಾತ್ರ ಹೋಗಬೇಕು. ಪರವಾನಗಿಯನ್ನು ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಗೆ ಬರೆಯಲಾಗುತ್ತದೆ; ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಕಾಯ್ದಿರಿಸಿದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದವರು ಹಳೆಯದು ಹೊಸದು ಎರಡನ್ನೂ ಒಯ್ಯಬೇಕು, ಆ ಬದಲಾವಣೆಯನ್ನು ಸಂಸ್ಥೆಗೆ ಮೊದಲೇ ತಿಳಿಸಿರಬೇಕು. ಆರಂಭದ ತಪಾಸಣಾ ಠಾಣೆಯಲ್ಲಿ ಮೂಲ ಪಾಸ್‌ಪೋರ್ಟನ್ನೇ ನೋಡುತ್ತಾರೆ, ನಕಲು ಪ್ರತಿ ನಡೆಯದು.

ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣಹವೆಯ ಕಾಲ. ಆಕಾಶ ತಿಳಿಯಾಗಿರುತ್ತದೆ, ರಾತ್ರಿಗಳು ಕೊರೆಯುತ್ತವೆ, ಎತ್ತರದ ಬಿಡಾರಗಳಲ್ಲಿ ನೀರು ಹೆಪ್ಪುಗಟ್ಟುವುದೂ ಉಂಟು. ಈ ತಿಂಗಳುಗಳ ಪರವಾನಗಿಗಳು ಬಹಳ ಮೊದಲೇ ತೀರಿಹೋಗುವುದರಿಂದ ಅರ್ಧ ವರ್ಷ ಮುಂಚಿತವಾಗಿಯಾದರೂ ಕಾಯ್ದಿರಿಸುವುದು ಕ್ಷೇಮ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಫೆಬ್ರವರಿಯಲ್ಲಿ ದುರಸ್ತಿಗಾಗಿ ಹಾದಿಯನ್ನು ಪೂರ್ತಿ ಮುಚ್ಚುತ್ತಾರೆ, ಮಾಚು ಪಿಚು ಮಾತ್ರ ತೆರೆದಿರುತ್ತದೆ. ಏಪ್ರಿಲ್ ಕೊನೆ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಒಂದೆರಡು ಮಳೆಗೆ ಸಿದ್ಧರಿದ್ದರೆ ಸಾಕು. ಹಸಿರೂ ಹೆಚ್ಚಿರುತ್ತದೆ, ನೂಕುನುಗ್ಗಲೂ ತುಸು ಕಡಿಮೆ.

ತಂಡವೂ ಹೊರೆಯೂ

ತಂಡದಲ್ಲಿ 8ಕ್ಕಿಂತ ಹೆಚ್ಚು ಚಾರಣಿಗರಿದ್ದರೆ ಎರಡನೆಯ ಮಾರ್ಗದರ್ಶಿ ಇರಬೇಕೆಂಬುದು ನಿಯಮ. ಒಬ್ಬರು ಮುಂದೆ ನಡೆದು ಇನ್ನೊಬ್ಬರು ಕಟ್ಟಕಡೆಯವರ ಹಿಂದೆ ಬರುವ ಈ ಏರ್ಪಾಡಿನಿಂದ ನಿಧಾನವಾಗಿ ನಡೆಯುವವರು ಯಾರ ಮುಲಾಜಿಗೂ ಬೀಳದೆ ತಮ್ಮ ಗತಿಯಲ್ಲೇ ಸಾಗಬಹುದು. ಪರಿಚಿತರೇ ಸೇರಿ ಕಟ್ಟಿಕೊಂಡ ತಂಡದಲ್ಲಿ ಸಂತೋಷ ಹೆಚ್ಚು, ಸಂಕೋಚವೂ ಹೆಚ್ಚು: ತನ್ನಿಂದಾಗಿ ಎಲ್ಲರ ಪ್ರವಾಸ ಕೆಡಬಾರದೆಂದು ತಲೆನೋವನ್ನೂ ವಾಕರಿಕೆಯನ್ನೂ ಮುಚ್ಚಿಟ್ಟುಕೊಳ್ಳುವುದು ಇಂಥ ತಂಡಗಳಲ್ಲೇ. ಯಾರು ಅಸ್ವಸ್ಥರಾದರೆ ಯಾರು ಅವರೊಂದಿಗೆ ಹಿಂದಿರುಗಬೇಕೆಂಬುದನ್ನು ಊರಿನಲ್ಲೇ ನಿಶ್ಚಯಿಸಿಕೊಂಡಿದ್ದರೆ ಆ ಸಂಕೋಚದ ಅರ್ಧ ಭಾಗ ಅಲ್ಲೇ ಕಳೆಯುತ್ತದೆ.

ಡೇರೆ, ಅಡುಗೆಯ ಅನಿಲ, ಪಾತ್ರೆ, ಆಹಾರ ಎಲ್ಲವೂ ಪೋರ್ಟರ್‌ಗಳ ಬೆನ್ನಿನ ಮೇಲೆ ಬರುತ್ತವೆ. ಇವರಲ್ಲಿ ಹೆಚ್ಚಿನವರು ಸುತ್ತಲಿನ ಬೆಟ್ಟದ ಹಳ್ಳಿಗಳ, ಕೆಚುವಾ ಮಾತನಾಡುವ ರೈತರು. ಹಿಂದೆ ಮಿತಿಯೇ ಇಲ್ಲದೆ ಹೊರಿಸುತ್ತಿದ್ದ ಪದ್ಧತಿಗೆ ತಡೆಯಾಗಿ 2001ರಲ್ಲಿ ಬಂದ ಪೋರ್ಟರ್‌ಗಳ ಕಾನೂನು ಒಬ್ಬರ ಹೊರೆಯನ್ನು 20 ಕಿಲೋಗೆ ಸೀಮಿತಗೊಳಿಸಿತು. ತಪಾಸಣಾ ಠಾಣೆಯಲ್ಲಿ ಹೊರೆಗಳನ್ನು ತಕ್ಕಡಿಗಿಟ್ಟು ತೂಗುತ್ತಾರೆ. ಚಾರಣಿಗರ ವೈಯಕ್ತಿಕ ಸಾಮಾನಿಗೆ, ಸ್ಲೀಪಿಂಗ್ ಬ್ಯಾಗನ್ನೂ ಸೇರಿಸಿ, ಸಾಮಾನ್ಯವಾಗಿ 7 ಕಿಲೋ ಮಾತ್ರ ದೊರೆಯುವುದು ಈ ಕಾರಣದಿಂದಲೇ. ಸಂಸ್ಥೆಗಳ ದರಗಳನ್ನು ಹೋಲಿಸುವಾಗ ಪರವಾನಗಿ ಶುಲ್ಕ, ರೈಲು ದರ, ಪ್ರವೇಶ ಶುಲ್ಕಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗಮನಿಸಬೇಕು. ಯಾವುದೋ ಒಂದು ದರ ತೀರ ಅಗ್ಗವಾಗಿದ್ದರೆ ಆ ಉಳಿತಾಯ ಬಹುತೇಕ ಪೋರ್ಟರ್‌ಗಳ ಕೂಲಿ, ಊಟ, ಹೊದಿಕೆಗಳಿಂದಲೇ ಆಗಿರುತ್ತದೆ. ಅವರಿಗೆ ಮಲಗಲು ಬೇರೆ ಡೇರೆ ಇದೆಯೇ, ನೆಲಕ್ಕೆ ಹಾಸಲು ಏನು ಕೊಡುತ್ತಾರೆ ಎಂದು ಕಾಯ್ದಿರಿಸುವ ಮೊದಲೇ ಕೇಳುವುದು ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ, ಸಂಸ್ಥೆಯ ಯೋಗ್ಯತೆಯನ್ನು ಅಳೆಯುವ ಸರಳ ಉಪಾಯವೂ ಹೌದು. ಕೊನೆಯ ದಿನಗಳಲ್ಲಿ ತಂಡದವರೆಲ್ಲ ಸೇರಿ ಕೊಡುವ ಭಕ್ಷೀಸನ್ನು ಅಲ್ಲಿನ ನಾಣ್ಯವಾದ ಸೋಲ್‌ನಲ್ಲಿ, ಚಿಲ್ಲರೆ ನೋಟುಗಳಾಗಿ ಒಯ್ದಿದ್ದರೆ ಪ್ರತಿಯೊಬ್ಬರ ಕೈಗೂ ನೇರವಾಗಿ ಕೊಡಬಹುದು.

ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಮೊಟ್ಟೆ, ಮೀನು, ಕೋಳಿರಸ ಯಾವುದೂ ಸಲ್ಲದೆಂದು ಬಿಡಿಬಿಡಿಯಾಗಿ ಬರೆದು ತಿಳಿಸಬೇಕು. ಆಲೂಗಡ್ಡೆಯ ತವರೇ ಆಂಡೀಸ್ ಆಗಿರುವುದರಿಂದಲೂ, ಕಿನುವಾ ಎಂಬ ಪೌಷ್ಟಿಕ ಕಾಳು ಅಲ್ಲಿನದೇ ಬೆಳೆಯಾಗಿರುವುದರಿಂದಲೂ ಹಸಿವಿನಿಂದ ಇರಬೇಕಾದ ಪ್ರಮೇಯವಿಲ್ಲ. 4,000 ಮೀಟರ್ ಎತ್ತರದಲ್ಲಿ ನೀರು 87 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವುದರಿಂದ ಅನ್ನ, ಬೇಳೆ ಬೇಯಲು ತಡವಾಗುತ್ತದೆ. ಕುಡಿಯುವ ನೀರನ್ನು ಕುದಿ ಬಂದ ಮೇಲೂ ಮೂರು ನಿಮಿಷ ಕುದಿಸಿರಬೇಕು.

ಎತ್ತರವೆಂಬ ಅಡ್ಡಿ

ಹಾದಿಯ ಅತ್ಯುನ್ನತ ಬಿಂದು 4,215 ಮೀಟರ್. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಸುಮಾರು ಶೇ 60ರಷ್ಟು ಮಾತ್ರ ಇರುವುದರಿಂದ ಒಂದೊಂದು ಉಸಿರಿನಲ್ಲೂ ದೇಹಕ್ಕೆ ದೊರೆಯುವ ಆಮ್ಲಜನಕ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಇಂಕಾ ಹಾದಿ ಆರಂಭವಾಗುವ ಜಾಗವೇ ಅದಕ್ಕಿಂತ ಸುಮಾರು 800 ಮೀಟರ್ ಮೇಲಿದೆ. ಆದುದರಿಂದ ಪಶ್ಚಿಮಘಟ್ಟದಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಕಾಲುಗಳು ಪಳಗುತ್ತವೆಯೇ ಹೊರತು ರಕ್ತವೂ ಶ್ವಾಸವೂ ಎತ್ತರಕ್ಕೆ ಒಗ್ಗುವುದಿಲ್ಲ. ಕಾಲುಗಳ ಮಟ್ಟಿಗೆ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತವನ್ನೇರಿ ಅದೇ ದಾರಿಯಲ್ಲಿ ಇಳಿಯುವುದು ಒಳ್ಳೆಯ ಪರೀಕ್ಷೆ. ಅಲ್ಲಿನ ಏರಿಕೆ ಇಂಕಾ ಹಾದಿಯ ಎರಡನೆಯ ದಿನದ 1,200 ಮೀಟರ್ ಏರಿಕೆಗಿಂತ ಕಡಿಮೆಯದಲ್ಲ, ಇಳಿತವಂತೂ ಮಂಡಿಗಳ ನಿಜಸ್ಥಿತಿಯನ್ನು ತಿಳಿಸಿಬಿಡುತ್ತದೆ.

ಎತ್ತರಕ್ಕೆ ಒಗ್ಗುವ ಕೆಲಸ ಪೆರುವಿನಲ್ಲೇ ಆಗಬೇಕು. ಸಮುದ್ರತೀರದ ರಾಜಧಾನಿ ಲೀಮಾದಿಂದ ವಿಮಾನವು ಒಂದೂವರೆ ಗಂಟೆಯೊಳಗೆ 3,400 ಮೀಟರ್ ಎತ್ತರದ ಕುಸ್ಕೊ ನಗರಕ್ಕೆ ತಂದಿಳಿಸುವುದರಿಂದ ಅಪಾಯದ ಮೊದಲ ರಾತ್ರಿ ಡೇರೆಯಲ್ಲಿ ಅಲ್ಲ, ಹೋಟೆಲಿನಲ್ಲೇ ಎದುರಾಗುತ್ತದೆ. ಇದನ್ನು ತಪ್ಪಿಸಲು ವಿಮಾನ ನಿಲ್ದಾಣದಿಂದ ನೇರವಾಗಿ ಉರುಬಂಬಾ ನದಿಯ ಕಣಿವೆಗೆ, ಸುಮಾರು 2,800 ಮೀಟರ್ ಎತ್ತರದ ಒಯಾಂಟೈಟಾಂಬೊ ಊರಿಗೆ ಇಳಿದು, ಅಲ್ಲಿ ಎರಡು ರಾತ್ರಿ ಕಳೆದು, ಆಮೇಲೆ ಕುಸ್ಕೊಗೆ ಮರಳುವುದು ಬುದ್ಧಿವಂತಿಕೆ. ಚಾರಣದ ಮೂರು ರಾತ್ರಿಗಳಲ್ಲಿ ಸಾಮಾನ್ಯ ಏರ್ಪಾಡಿನಂತೆ ಒಂದು ಮಾತ್ರ ಕುಸ್ಕೊಗಿಂತ ಎತ್ತರದಲ್ಲಿರುವುದರಿಂದ, ಕುಸ್ಕೊದಲ್ಲಿ ನೆಮ್ಮದಿಯಾಗಿ ನಿದ್ರಿಸಬಲ್ಲವರಿಗೆ ಹಾದಿಯಲ್ಲಿ ಭಯಪಡುವ ಕಾರಣ ಕಡಿಮೆ.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ರಾಭಂಗ ಇವು ಎತ್ತರದ ಕಾಯಿಲೆಯ ಆರಂಭದ ಚಿಹ್ನೆಗಳಾಗಿದ್ದು ಅಲ್ಲಿನವರು ಇದನ್ನು ‘ಸೊರೊಚೆ’ ಎನ್ನುತ್ತಾರೆ. ಈ ಹಂತದಲ್ಲಿ ಮೇಲೇರುವುದನ್ನು ನಿಲ್ಲಿಸಿ ವಿಶ್ರಮಿಸಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು ಬರುವುದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದರ, ನಡಿಗೆ ತೂರಾಡುವುದು ಮತ್ತು ಮಾತು ತಡವರಿಸುವುದು ಮೆದುಳು ಊದಿಕೊಳ್ಳುತ್ತಿರುವುದರ ಲಕ್ಷಣಗಳಾಗಿರಬಹುದಾದ್ದರಿಂದ, ಆಗ ರಾತ್ರಿಯೆಂದು ಕಾಯದೆ ರೋಗಿಯನ್ನು ಕೆಳಗಿಳಿಸುವುದೊಂದೇ ಸರಿಯಾದ ಮಾರ್ಗ. ಮುನ್ನೆಚ್ಚರಿಕೆಗೆ ಅಸಿಟಜೋಲಮೈಡ್ ಎಂಬ ಮಾತ್ರೆ ಬಳಕೆಯಲ್ಲಿದೆ. ಸಲ್ಫಾ ಔಷಧಗಳು ಒಗ್ಗದವರಿಗೆ ಅದು ಅಪಾಯಕಾರಿಯಾಗಬಹುದಾದ್ದರಿಂದ ವೈದ್ಯರನ್ನು ಕೇಳದೆ ಸೇವಿಸಬಾರದು. ಎಲ್ಲ ಹೋಟೆಲುಗಳಲ್ಲೂ ಕೊಡುವ ಕೋಕಾ ಎಲೆಯ ಕಷಾಯ ಅಲ್ಲಿನ ಸಂಸ್ಕೃತಿಯ ಗೌರವಾನ್ವಿತ ಪಾನೀಯ, ಕುಡಿದರೆ ಹಿತವೂ ಹೌದು. ಅದನ್ನು ಔಷಧಿಗೆ ಬದಲಿಯೆಂದು ಮಾತ್ರ ತಿಳಿಯಬಾರದು.

ನಾಲ್ಕು ದಿನಗಳ ನಡಿಗೆ

ನಡಿಗೆಯ ಆರಂಭ ಪಿಸ್ಕಾಕುಚೊ ಎಂಬಲ್ಲಿ. ರೈಲುಮಾರ್ಗದ 82ನೆಯ ಕಿಲೋಮೀಟರಿನಲ್ಲಿರುವ ಈ ಜಾಗದಲ್ಲಿ ತೂಗುಸೇತುವೆಯ ಮೂಲಕ ಉರುಬಂಬಾ ನದಿಯನ್ನು ದಾಟಬೇಕು. ಮೊದಲ ದಿನದ ದಾರಿ ಸೌಮ್ಯವಾದದ್ದು. ಪಾಪಾಸುಕಳ್ಳಿ ಬೆಳೆದ ಒಣ ಕಣಿವೆಯಲ್ಲಿ, ಕೆಳಗೆ ಪಟಾಯಾಕ್ತಾ ಎಂಬ ಕೃಷಿನೆಲೆಯ ಬಾಗಿದ ಮೆಟ್ಟಿಲುಗದ್ದೆಗಳನ್ನು ನೋಡುತ್ತ, ಸುಮಾರು 3,000 ಮೀಟರ್ ಎತ್ತರದ ವಾಯಾಬಂಬಾ ಹಳ್ಳಿಯನ್ನು ಸೇರುತ್ತದೆ. ಹಿಂದಿರುಗಬೇಕಾದವರು ಹಿಂದಿರುಗಬೇಕಾದದ್ದು ಇಲ್ಲಿಂದ, ತಡವಾದರೆ ಮಾರನೆಯ ಬೆಳಗಿನೊಳಗೆ. ಎರಡನೆಯ ದಿನದ ಘಾಟಿಯನ್ನು ದಾಟಿದ ಮೇಲೆ ಮುಂದಕ್ಕೂ ಹಿಂದಕ್ಕೂ ದಾರಿ ಸಮನಾಗಿ ಕಷ್ಟವಾಗುತ್ತದೆ.

ಎರಡನೆಯ ದಿನ ವಾರ್ಮಿವಾನ್ಯುಸ್ಕಾ ಎಂಬ, ‘ಸತ್ತ ಹೆಂಗಸು’ ಎಂಬರ್ಥದ ಘಾಟಿಯನ್ನು ಏರಬೇಕು. ಕೆಳಗಿನಿಂದ ನೋಡಿದರೆ ಬೆಟ್ಟದ ಅಂಚು ಅಂಗಾತ ಮಲಗಿದ ಹೆಣ್ಣಿನಂತೆ ಕಾಣುವುದರಿಂದ ಈ ಹೆಸರು ಬಂತಂತೆ, ಅಪಘಾತದ ಕಥೆ ಏನೂ ಇಲ್ಲ. ಮಾತನಾಡುತ್ತ ನಡೆಯಲಾಗದಷ್ಟು ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತೆಂದೇ ಅರ್ಥ. ತುದಿಯಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಬೆವರು ಆರುವ ಮೊದಲೇ ಬೆಚ್ಚನೆಯ ಅಂಗಿ ತೊಟ್ಟು, ಸುಮಾರು 600 ಮೀಟರ್ ಕೆಳಗಿನ ಪಕಾಯ್‌ಮಾಯು ಬಿಡಾರಕ್ಕೆ ಇಳಿಯಬೇಕು. ಪೋರ್ಟರ್‌ಗಳು ಹಿಂದಿನಿಂದ ಓಡುತ್ತ ಬಂದಾಗ ಚಾರಣಿಗರು ಯಾವಾಗಲೂ ಬೆಟ್ಟದ ಗೋಡೆಯ ಕಡೆಗೆ ಸರಿದು ನಿಲ್ಲಬೇಕೇ ಹೊರತು ಪ್ರಪಾತದ ಅಂಚಿಗಲ್ಲ. ಊರುಗೋಲು ಒಯ್ಯುವವರು ತುದಿಗೆ ರಬ್ಬರ್ ಟೊಪ್ಪಿ ಹಾಕಿರಬೇಕು. ಬರಿಯ ಲೋಹದ ಮೊನೆ ಹಳೆಯ ಕಲ್ಲನ್ನು ಕೊರೆಯುತ್ತದೆಂದು ಅದನ್ನು ನಿಷೇಧಿಸಲಾಗಿದೆ.

ಘಾಟಿ ದಾಟಿದ ನಿರಾಳದಲ್ಲಿ ಅನೇಕರು ಮೂರನೆಯ ದಿನವನ್ನು ಬರಿಯ ಇಳಿತವೆಂದು ಭಾವಿಸಿ ಬೇಗ ಮುಗಿಸಲು ಹೊರಡುತ್ತಾರೆ. ಹಾದಿಯ ಹೂರಣವಿರುವುದು ಈ ದಿನದಲ್ಲೇ. ಮೊದಲೆರಡು ದಿನಗಳ ದಾರಿ ಬಹುಮಟ್ಟಿಗೆ ಮಣ್ಣಿನದು ಅಥವಾ ದುರಸ್ತಿಯಾದದ್ದು. ರುಂಕುರಾಕಾಯ್ ಘಾಟಿಯ ಆಚೆಗೆ ಇಂಕಾ ಕಾಲದ ಮೂಲ ಕಲ್ಲುಹಾಸು ಕಾಲಿಗೆ ಸಿಗಲು ಆರಂಭವಾಗುತ್ತದೆ. ಘಾಟಿಗೆ ಮೊದಲು ಸಿಗುವ ರುಂಕುರಾಕಾಯ್ ಎಂಬ ದುಂಡನೆಯ ಕಟ್ಟಡ ತಂಗುದಾಣವೂ ಕಾವಲುನೆಲೆಯೂ ಆಗಿದ್ದಿರಬಹುದು. ಮುಂದೆ, ಮೂರು ಕಡೆ ಕಡಿದಾದ ಬಂಡೆಯ ಮೂತಿಯ ಮೇಲೆ ಸಯಾಕ್‌ಮಾರ್ಕಾ ಇದೆ; ಮುಖ್ಯ ದಾರಿಯಿಂದ ಕವಲೊಡೆದ ಇಕ್ಕಟ್ಟಾದ ಮೆಟ್ಟಿಲನ್ನು ಹತ್ತಿದರೆ ಮಾತ್ರ ಅದನ್ನು ಕಾಣಲು ಸಾಧ್ಯವಾಗುವುದರಿಂದ ದಣಿದ ತಂಡಗಳು ಅದನ್ನು ಕೆಳಗಿನಿಂದಲೇ ನೋಡಿ ಮುಂದೆ ಸಾಗುವುದುಂಟು, ಅದು ದೊಡ್ಡ ನಷ್ಟ. ಅಲ್ಲಿಂದ ದಾರಿ ಮೋಡಕಾಡನ್ನು ಹೊಗುತ್ತದೆ. ಮೋಡಕಾಡೆಂದರೆ ಮಳೆಯ ಜೊತೆಗೆ ಸದಾ ತೂಗಾಡುವ ಮಂಜಿನಿಂದಲೂ ತೇವ ಪಡೆಯುವ ಪರ್ವತಾರಣ್ಯ. ಪಾಚಿ ಹೊದ್ದ ಮರಗಳು, ಬಿದಿರು, ಹತ್ತಾರು ಬಗೆಯ ಆರ್ಕಿಡ್‌ಗಳು ಇಲ್ಲಿನ ಸಂಪತ್ತು. ಈ ಭಾಗದಲ್ಲಿ ಬೆಟ್ಟದ ಇಳಿಜಾರಿಗೆ ಆನಿಸಿ ಕಲ್ಲಿನ ಆಧಾರಗೋಡೆ ಕಟ್ಟಿ, ಅದರ ಮೇಲೆ ದಾರಿಯನ್ನು ಕೂರಿಸಿ, ನೀರು ಹರಿದುಹೋಗಲು ತೂಬು ಬಿಟ್ಟಿರುವ ರೀತಿಯನ್ನು ಬಾಗಿ ನೋಡಬೇಕು. ಒಂದೆಡೆ ಬಂಡೆಯ ಸಹಜ ಬಿರುಕನ್ನೇ ಅಗಲಿಸಿ, ಒಳಗೆ ಮೆಟ್ಟಿಲು ಕಡೆದು ಸುರಂಗ ಮಾಡಿದ್ದಾರೆ.

ಸುಮಾರು 3,600 ಮೀಟರ್ ಎತ್ತರದ ಪುಯುಪಟಾಮಾರ್ಕಾದಲ್ಲಿ ಒಂದರ ಕೆಳಗೊಂದರಂತೆ ಕಲ್ಲಿನ ಜಲಧಾರೆಗಳ ಸಾಲಿದ್ದು, ಅವುಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಸ್ನಾನಕ್ಕೋ ಪೂಜೆಗೋ ಎಂಬ ಚರ್ಚೆಯಲ್ಲಿ ಹೆಚ್ಚಿನ ವಿದ್ವಾಂಸರು ಧಾರ್ಮಿಕ ವಿಧಿಯ ಕಡೆಗೆ ಒಲಿಯುತ್ತಾರೆ. ಉರುಬಂಬಾ ನದಿಯ ಪಕ್ಕದಲ್ಲೇ ಸುಲಭದ ದಾರಿ ಸಾಧ್ಯವಿದ್ದರೂ ಇಷ್ಟೊಂದು ಘಾಟಿಗಳನ್ನು ಹತ್ತಿಳಿದು ಈ ಹಾದಿಯನ್ನು ಕಟ್ಟಿದ್ದೇಕೆಂಬ ಪ್ರಶ್ನೆಗೂ, ಇದು ಸರಕುಸಾಗಣೆಯ ರಸ್ತೆಗಿಂತ ಹೆಚ್ಚಾಗಿ ಅರಸನ ನೆಲೆಗೆ ಸಾಗುವ ಯಾತ್ರಾಪಥವಾಗಿತ್ತೆಂಬ ಉತ್ತರವನ್ನೇ ಹಲವರು ಕೊಡುತ್ತಾರೆ. ಬಳಿಕ ಸುಮಾರು 950 ಮೀಟರ್‌ಗಳ ಮೆಟ್ಟಿಲಿಳಿತ. ಕೊನೆಯ ಬಿಡಾರದ ಪಕ್ಕದಲ್ಲೇ ಇರುವ ವಿನ್ಯಾಯ್ ವಾಯ್ನಾದಲ್ಲಿ ಮೇಲಿನ ಮತ್ತು ಕೆಳಗಿನ ಮನೆಗುಂಪುಗಳನ್ನು ಉದ್ದನೆಯ ಮೆಟ್ಟಿಲಸಾಲು ಕೂಡಿಸುತ್ತದೆ, ಅದರ ಒತ್ತಿನಲ್ಲೇ ಜಲಧಾರೆಗಳು ಇಳಿಯುತ್ತವೆ. ಜನಸಂದಣಿಯಿಲ್ಲದ ಸಂಜೆಯ ಬೆಳಕಿನಲ್ಲಿ ಇದನ್ನು ನೋಡಲು ಒಂದು ಗಂಟೆಯಾದರೂ ಉಳಿಯುವಂತೆ ಆ ದಿನ ಬೆಳಗ್ಗೆ ಬೇಗ ಹೊರಡಬೇಕೆಂದು ಮಾರ್ಗದರ್ಶಿಯನ್ನು ಮೊದಲೇ ಕೇಳಿಕೊಳ್ಳಬೇಕು.

ನಾಲ್ಕನೆಯ ದಿನದ ಬಗ್ಗೆ ಪ್ರಚಾರವೇ ಹೆಚ್ಚು. ಬೆಳಗಿನ ಜಾವ ಎದ್ದು ಠಾಣೆಯ ಬಾಗಿಲಲ್ಲಿ ಸಾಲುನಿಂತು, ತೆರೆದೊಡನೆ ಇಂಟಿಪುಂಕು ಎಂಬ ‘ಸೂರ್ಯದ್ವಾರ’ದತ್ತ ಓಡುವುದು ರೂಢಿಯಾಗಿಬಿಟ್ಟಿದೆ. ಇಕ್ಕಟ್ಟಾದ ದಾರಿಯಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವುದು ಅಪಾಯಕಾರಿ; ಅಷ್ಟು ಮಾಡಿಯೂ ಆ ಹೊತ್ತಿಗೆ ಕಣಿವೆ ಮಂಜಿನಿಂದ ಮುಚ್ಚಿರುವುದು ಸಾಮಾನ್ಯ. ನಿಧಾನವಾಗಿ ಹೋದವರಿಗೂ ದ್ವಾರ ಅಲ್ಲೇ ಇರುತ್ತದೆ, ಮಂಜು ಕರಗುವ ಸಾಧ್ಯತೆಯೂ ಹೆಚ್ಚು.

ಮಾಚು ಪಿಚುವಿನಲ್ಲಿ ಗೊತ್ತುಪಡಿಸಿದ ಪಥಗಳಲ್ಲೇ ಸುತ್ತಬೇಕು, ಹೊರಬಂದ ಮೇಲೆ ಅದೇ ಟಿಕೆಟಿನಲ್ಲಿ ಮರುಪ್ರವೇಶವಿಲ್ಲ. ಚಾರಣದ ಪರವಾನಗಿಯೊಂದಿಗೆ ಯಾವ ಪಥ ಸೇರಿದೆಯೆಂದು ಮುಂಚಿತವಾಗಿ ಕೇಳಿಕೊಂಡು, ಬೇಕಿದ್ದರೆ ಮರುದಿನಕ್ಕೆ ಇನ್ನೊಂದು ಟಿಕೆಟ್ ಕೊಳ್ಳಬಹುದು. ದೊಡ್ಡ ಬೆನ್ನುಚೀಲ ಮತ್ತು ಡ್ರೋನ್‌ಗಳಿಗೆ ಒಳಗೆ ಪ್ರವೇಶವಿಲ್ಲ. ದೇವಾಲಯಗಳ ಚಿತ್ರ ತೆಗೆಯುವ ಗಡಿಬಿಡಿಯಲ್ಲಿ ನೀರಿನ ವ್ಯವಸ್ಥೆಯನ್ನು ಮರೆಯಬಾರದು: ಬೆಟ್ಟದ ಒರತೆಯಿಂದ 749 ಮೀಟರ್ ಉದ್ದದ ಕಾಲುವೆಯಲ್ಲಿ ಬಂದ ನೀರು 16 ಜಲಧಾರೆಗಳ ಮೂಲಕ ಊರೊಳಗೆ ಇಳಿಯುತ್ತಿತ್ತು. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಸುರಿಯುವ ಕಡಿದಾದ ಏಣಿನ ಮೇಲೆ ಊರು ಇನ್ನೂ ಜಾರದೆ ನಿಂತಿರುವುದು ಮೆಟ್ಟಿಲುಕಟ್ಟೆಗಳ ಅಡಿಯಲ್ಲಿ ದಪ್ಪ ಕಲ್ಲು, ಜಲ್ಲಿ, ಮರಳು, ಮಣ್ಣುಗಳನ್ನು ಪದರಪದರವಾಗಿ ತುಂಬಿ ನೀರನ್ನು ಬಸಿದು ಹೋಗಲು ಬಿಟ್ಟಿರುವ ಜಾಣ್ಮೆಯಿಂದ.

ಪರವಾನಗಿ ಸಿಗದವರು ನಿರಾಶರಾಗಬೇಕಿಲ್ಲ. ಸಾಲ್ಕಂತಾಯ್ ಶಿಖರದ ಬದಿಯಿಂದ, 4,600 ಮೀಟರ್ ಎತ್ತರದ ಘಾಟಿಯ ಮೂಲಕ ಬರುವ ದಾರಿಗೆ ಈ ಮಿತಿಯಿಲ್ಲ; ಅದು ಹೆಚ್ಚು ಎತ್ತರದ್ದು, ದೃಶ್ಯಗಳೂ ಭವ್ಯ, ಆದರೆ ದಾರಿಬದಿಯ ಇಂಕಾ ನೆಲೆಗಳು ಕಡಿಮೆ. ಅವಶೇಷಗಳೇ ಮುಖ್ಯವೆನ್ನುವವರು ರೈಲುಮಾರ್ಗದ 104ನೆಯ ಕಿಲೋಮೀಟರಿನಿಂದ ಆರಂಭವಾಗಿ ವಿನ್ಯಾಯ್ ವಾಯ್ನಾದ ಮೂಲಕ ಒಂದೇ ದಿನದಲ್ಲಿ ಸಾಗುವ ಕಿರುಹಾದಿಯನ್ನು ಆಯ್ದುಕೊಳ್ಳಬಹುದು. ಅದಕ್ಕೂ ಪರವಾನಗಿ ಬೇಕು, ಸಿಗುವುದು ಮಾತ್ರ ತುಸು ಸುಲಭ.

ಹೋಗುವಾಗಿನ ಮತ್ತು ಬರುವಾಗಿನ ಕಾಗದಪತ್ರಗಳು

ಭಾರತದಿಂದ ಲೀಮಾಕ್ಕೆ ನೇರ ವಿಮಾನವಿಲ್ಲದ ಕಾರಣ ಯುರೋಪ್ ಅಥವಾ ಅಮೆರಿಕ ಖಂಡದ ಯಾವುದಾದರೊಂದು ನಗರದಲ್ಲಿ ವಿಮಾನ ಬದಲಿಸಬೇಕು; ಅಮೆರಿಕ ಸಂಯುಕ್ತ ಸಂಸ್ಥಾನದ ಮೂಲಕ ಹೋಗುವವರಿಗೆ ಬರಿಯ ವಿಮಾನ ಬದಲಾವಣೆಗೂ ಆ ದೇಶದ ವೀಸಾ ಬೇಕಾಗುತ್ತದೆ. ಪ್ರವಾಸ ವಿಮೆ ಕೊಳ್ಳುವಾಗ ಎಷ್ಟು ಎತ್ತರದವರೆಗಿನ ಚಾರಣಕ್ಕೆ ಅದು ಅನ್ವಯಿಸುತ್ತದೆಂದು ಓದಿ ನೋಡಬೇಕು, ಏಕೆಂದರೆ ಹಲವು ವಿಮೆಗಳ ಮಿತಿ 4,215 ಮೀಟರಿಗಿಂತ ಕೆಳಗೇ ನಿಲ್ಲುತ್ತದೆ. ಹಿಂದಿರುಗುವಾಗ ಉಳಿದ ಕೋಕಾ ಎಲೆಯನ್ನೂ ಅದರ ಚಹಾ ಪೊಟ್ಟಣಗಳನ್ನೂ ಅಲ್ಲೇ ಬಿಟ್ಟು ಬರಬೇಕು. ಪೆರುವಿನಲ್ಲಿ ಅಂಗಡಿಯಲ್ಲಿ ಸಿಗುವ ಈ ಎಲೆ ಭಾರತದ 1985ರ ಮಾದಕವಸ್ತು ಕಾಯಿದೆಯಡಿ ನಿಷಿದ್ಧ. ಪೆರು ದೇಶವು ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ, ಅಲ್ಲಿಂದ ಹೊರಟ ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಆ ರೋಗದ ಲಸಿಕೆಯ ಪ್ರಮಾಣಪತ್ರ ಇರಬೇಕು, ಇಲ್ಲದಿದ್ದರೆ ಪ್ರತ್ಯೇಕವಾಸಕ್ಕೆ ಕಳುಹಿಸುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ. ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುವುದರಿಂದ ಹೊರಡುವುದಕ್ಕೆ ಒಂದೆರಡು ತಿಂಗಳ ಮೊದಲೇ ದಿನ ಗೊತ್ತುಮಾಡಿಕೊಂಡಿರಬೇಕು.